ಎರಡು ಕೋಲಿನ ಮೇಲೆ ನಿಂತ ಬ್ಯಾಂಡು

(ಸಂಗೀತಾಸಕ್ತರ ತಿಂಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ರೆಕಾರ್ಡು ಹಾಕಿ ಕೇಳಿಸಿದ ಜಾಗಗಳನ್ನು ಅಲ್ಲಲ್ಲಿ ಸೂಚಿಸಿದ್ದೇನೆ.)

ನಮಸ್ಕಾರ. ಮೊದಲು ಕೈಯಲ್ಲಿರೋದನ್ನ ತೋರಿಸಿಬಿಡುತ್ತೇನೆ. ಇವು ಕೋಲಾಟದ ಕೋಲು. ಅಕ್ಕನ ಮಗಳ ಶಾಲೆಯ ವಾರ್ಷಿಕೋತ್ಸವ ಮುಗಿದ ಮೇಲೆ ನಮ್ಮ ಮನೆಯ ಅಟ್ಟ ಸೇರಿದ್ದವು. ಲ್ಯಾಟಿನ್ ಬಿಗ್ ಬ್ಯಾಂಡ್, ಅಂದರೆ ಕ್ಯೂಬಾದ ಲಯಕ್ಕೆ ನುಡಿಸುವ ದೊಡ್ಡ ವಾದ್ಯತಂಡಗಳ ಬಗ್ಗೆ ಮಾತಾಡುತ್ತೇನೆ ಅಂತ ಹೇಳಿ ಕೋಲಾಟದ ಕೋಲು ಹಿಡಿದು ಬಂದಿದ್ದೇನಲ್ಲ ಅಂತ ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಕ್ಯೂಬಾದವರ ‘ಕ್ಲಾವೆ’ ಅನ್ನುವ ವಾದ್ಯ ಹೆಚ್ಚುಕಮ್ಮಿ ಇಷ್ಟೇ. ಗಟ್ಟಿ ಮರದ ಎರಡು ಗಿಡ್ಡ ಕೋಲು. ಹವಾನಾ ಬಂದರಿನಲ್ಲಿ ಹಡಗು ಕಟ್ಟುವಾಗ ಹಲಗೆಗೆ ಹೊಡೆಯುತ್ತಿದ್ದ ಮರದ ಗೂಟಗಳೇ ಮುಂದೆ ವಾದ್ಯವಾದವು ಅಂತ ಅಲ್ಲಿಯವರು ಹೇಳುತ್ತಾರೆ. ಈ ವಾದ್ಯದ ಹೆಸರೂ ಕ್ಲಾವೆ, ಇದರ ಮೇಲೆ ನುಡಿಸುವ ಲಯದ ಹೆಸರೂ ಕ್ಲಾವೆ.

ಈಗ ಎಲ್ಲರೂ ನನ್ನ ಜೊತೆ ಒಂದು ಸಲ ಹೇಳಿ. ಇಲ್ಲಿ ಬಹಳ ಜನಕ್ಕೆ ಕೊನ್ನಕ್ಕೋಲ್, ಅಂದರೆ ತಾಳದ ಸೊಲ್ಲನ್ನು ಬಾಯಲ್ಲಿ ಹೇಳೋದು, ಗೊತ್ತು, ಹಾಗಾಗಿ ನನ್ನ ಕೆಲಸ ಸಲೀಸು.

ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ.

ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಒಟ್ಟು 16. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಒಂದು ತಟ್ಟು. ಐದೇ ತಟ್ಟು. ಮೊದಲ ಅರ್ಧದಲ್ಲಿ ಮೂರು ಬೀಳುತ್ತವೆ, ಎರಡನೇ ಅರ್ಧದಲ್ಲಿ ಎರಡು. ಅದಕ್ಕೇ ಇದನ್ನು ಮೂರು-ಎರಡರ ಕ್ಲಾವೆ ಅನ್ನುತ್ತಾರೆ. (ಸಭೆ ನಾಲ್ಕು ಆವರ್ತ ತಟ್ಟಿತು. ಐದನೆಯದರಲ್ಲಿ ಹಿಂದಿನ ಸಾಲು ಓಡಿತು.) ಓಡಬೇಡಿ. ಓಡದಿರೋದೇ ಇದರ ಕಷ್ಟ.

ಇವತ್ತು ನಾನು ಮಾತಾಡಲು ಹೊರಟಿರುವ ಸಂಗೀತ ನಿಮ್ಮೆಲ್ಲರ ಕಿವಿ ಮೇಲೂ ಬಿದ್ದಿದೆ. ಹೋಟೆಲಿನ ಲಾಬಿಯಲ್ಲಿ, ಹಳೆಯ ಜಾಹೀರಾತಿನಲ್ಲಿ, ವಿಮಾನ ಮೇಲೇರುವ ಮುನ್ನ. ಟ್ರಂಪೆಟ್ಟು ನಗುತ್ತಿರುತ್ತದೆ, ಹಿಂದೆ ಗಿಲಕಿ ಆಡಿಸಿದ ಹಾಗೆ ಮರಾಕಾಸು. ಯಾರೂ ಕಿವಿಗೊಟ್ಟು ಕೇಳುವುದಿಲ್ಲ, ಆದರೆ ಕಾಲಿನ ಹೆಬ್ಬೆರಳು ತನ್ನ ಪಾಡಿಗೆ ಆಡುತ್ತಿರುತ್ತದೆ. ಇದನ್ನು ಪೇಟೆಯವರು ‘ಈಸಿ ಲಿಸನಿಂಗ್’ ಅಂದರು. ಸಲೀಸಾಗಿ ಕೇಳುವ ಸಂಗೀತ. ಕೇಳುವವರಿಗೆ ಸಲೀಸು, ನಿಜ. ನುಡಿಸುವವರ ಕಥೆ ಬೇರೆ, ಅದನ್ನು ಹೇಳೋಣ ಅಂತ ಬಂದೆ.

ನಾನು ಇದಕ್ಕೆ ಬಿದ್ದದ್ದು ಹೇಗೆ ಅಂದರೆ, ನಾಲ್ಕು ವರ್ಷ ಮೃದಂಗ ಕಲಿತು ಬಿಟ್ಟವನು ನಾನು. ಬಿಟ್ಟದ್ದಕ್ಕೆ ಗುರುಗಳಿಗೆ ಬೇಸರವಾಯಿತು ಅಂತ ನಾನು ಹೇಳಿಕೊಳ್ಳುತ್ತೇನೆ, ಅವರು ಏನು ಹೇಳುತ್ತಿದ್ದರೋ. ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಹುಡುಕುತ್ತಿದ್ದಾಗ ಒಂದು ರಾಶಿ ಎಲ್‌ಪಿ ಸಿಕ್ಕಿತು. ಮೇಲಿದ್ದದ್ದು ಲಂಡನ್ನಿನಲ್ಲಿ ಲ್ಯಾಟಿನ್ ಬ್ಯಾಂಡ್ ನಡೆಸುತ್ತಿದ್ದ ಎಡ್ಮಂಡೊ ರಾಸ್, ಲಂಡನ್ನಿನ ಡೆಕ್ಕಾ ಕಂಪನಿಯ ಗುರುತು. ಹೊದಿಕೆಯ ಬಣ್ಣ ನೋಡಿ ತೆಗೆದುಕೊಂಡೆ, ಸಂಗೀತ ಗೊತ್ತಿದ್ದು ಅಲ್ಲ. ಮನೆಗೆ ತಂದು ಹಾಕಿದರೆ ಮೊದಲು ನಗು ಬಂತು. ಮದುವೆ ಊಟದ ಹೊತ್ತಿಗೆ ನುಡಿಸುವ ಬ್ಯಾಂಡಿನ ಥರ ಇದೆಯಲ್ಲ ಅಂತ. ಆಮೇಲೆ ತೊಡೆಯ ಮೇಲೆ ತಾಳ ಹಾಕಲು ಹೋದೆ. ಕೈ ಒಂದು ಕಡೆ, ತಗ್ಗು ದನಿಯ ತಂತಿವಾದ್ಯ ಬಾಸು ಇನ್ನೊಂದು ಕಡೆ. ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ, ಕಾದು ಕೂತರೆ ಅಲ್ಲಿ ಬಾಸೇ ಇಲ್ಲ! ಆ ಮಹಾರಾಯ ಸಮ ಬರುವ ಮೊದಲೇ ನುಡಿಸಿ, ಸಮದಲ್ಲಿ ಸುಮ್ಮನಿದ್ದ. ನಾವು ಅತೀತ ಅನ್ನುತ್ತೇವಲ್ಲ, ಆ ಜಾತಿ. ಮುಂದಿನ ಆವರ್ತದ ಸ್ವರ ಹಿಂದಿನ ಆವರ್ತದ ಕೊನೆಯ ಎಣಿಕೆಯಲ್ಲೇ ಬಂದು ಕೂತಿರುತ್ತದೆ. ಊಟದ ಬ್ಯಾಂಡು ಅಂತ ನಕ್ಕವನು ಅವತ್ತು ರಾತ್ರಿ ಅದೇ ಒಂದು ಮುಖವನ್ನು ಏಳೆಂಟು ಸಲ ಹಾಕಿದೆ.

ಈ ಬ್ಯಾಂಡಿನ ಒಳಗೆ ಯಾರು ಯಾರು ಇರುತ್ತಾರೆ ಅಂತ ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಸ್ವಿಂಗ್ ಬ್ಯಾಂಡಿನ ಮೈಕಟ್ಟು: ನಾಲ್ಕು ಟ್ರಂಪೆಟ್, ಮೂರೋ ನಾಲ್ಕೋ ಟ್ರೋಂಬೋನ್, ಐದು ಸ್ಯಾಕ್ಸೊಫೋನ್, ಪಿಯಾನೋ, ಬಾಸ್. ಅದರ ಕೆಳಗೆ ಕ್ಯೂಬಾದ ಕಾಲುಗಳು. ನೆಲದ ಮೇಲೆ ನಿಂತ ಉದ್ದ ಚರ್ಮವಾದ್ಯ ಕೊಂಗಾ. ಮೊಣಕಾಲ ನಡುವೆ ಒತ್ತಿ ಹಿಡಿಯುವ ಜೋಡಿ ಬೊಂಗೊ. ಲೋಹದ ಮೈಯ ತಿಂಬಾಲೆಸ್, ಅದರ ತಲೆ ಮೇಲೆ ದನದ ಕೊರಳಿನ ಗಂಟೆ, ನಾಲಿಗೆ ಕಿತ್ತದ್ದು. ಒಣಗಿದ ಸೋರೆ ಬುರುಡೆಗೆ ಸಾಲು ಗೀರು ಕೊರೆದು ಕಡ್ಡಿಯಿಂದ ಕೆರೆದರೆ ಗುಯಿರೊ. ತಂಬೂರಿಗೂ ಸೋರೆ, ವೀಣೆಗೂ ಸೋರೆ, ಅಲ್ಲಿ ಕೆರೆಯೋದಕ್ಕೂ ಸೋರೆ. ಇಷ್ಟು ಜನ ಒಟ್ಟಿಗೆ ನುಡಿಸಿದರೂ ಕಲಸುಮೇಲೋಗರ ಆಗದಿರೋದಕ್ಕೆ ಕಾರಣ ಈ ಎರಡು ಕೋಲು. ಕೋಲು ಹಿಡಿದವನು ವೇದಿಕೆಯಲ್ಲಿ ಇಲ್ಲದಿದ್ದರೂ ಸರಿ, ಎಲ್ಲರ ತಲೆಯೊಳಗೂ ಆ ಐದು ತಟ್ಟು ನಡೆಯುತ್ತಿರಬೇಕು. ಪಿಯಾನೋದ ನಡೆ, ಟ್ರಂಪೆಟ್ಟಿನ ಒಗ್ಗರಣೆ, ಹಾಡಿನ ಸಾಲು, ಎಲ್ಲವೂ ಮೂರರ ಕಡೆ ಯಾವುದು, ಎರಡರ ಕಡೆ ಯಾವುದು ಅಂತ ನೋಡಿಕೊಂಡೇ ಬೀಳಬೇಕು. ತಿರುವುಮುರುವಾಗಿ ಬಿದ್ದರೆ ‘ಕ್ರೂಸಾದೊ’ ಅನ್ನುತ್ತಾರೆ, ಅಡ್ಡ ಬಿತ್ತು ಅಂತ. ನಮ್ಮಲ್ಲಿ ಪಲ್ಲವಿಯ ಎಡುಪು, ಅಂದರೆ ತಾಳದಲ್ಲಿ ಎತ್ತಿಕೊಳ್ಳುವ ಜಾಗ, ತಪ್ಪಿದರೆ ಮುಂದಿನ ಸಾಲಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರಲ್ಲ, ಹಾಗೆ.

ಇದು ದ್ವೀಪ ಬಿಟ್ಟು ಹೊರಟದ್ದು ಒಬ್ಬ ಕಡಲೆಕಾಯಿ ಮಾರುವವನ ಕೂಗಿನ ಮೇಲೆ. 1930ರಲ್ಲಿ ಡಾನ್ ಅಸ್ಪಿಯಾಸು ಹವಾನಾದ ತಂಡ ಕಟ್ಟಿಕೊಂಡು ನ್ಯೂಯಾರ್ಕಿಗೆ ಬಂದು ‘ಎಲ್ ಮನಿಸೆರೊ’, ಅಂದರೆ ‘ಕಡಲೆಕಾಯಿ ಮಾರುವವನು’, ಧ್ವನಿಮುದ್ರಿಸಿದ. ಮೊಯ್ಸೆಸ್ ಸಿಮೊನ್ಸ್ ರಚನೆ, ಆಂತೋನಿಯೊ ಮಚಿನ್ ಹಾಡಿದ್ದು. ಬೀದಿ ವ್ಯಾಪಾರಿಯ ಕೂಗನ್ನೇ ಹಾಡು ಮಾಡುವ ಪದ್ಧತಿ ಅಲ್ಲಿ ಹಳೆಯದು. ಬಸವನಗುಡಿ ಪರಿಷೆ ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ರೆಕಾರ್ಡು ಅಮೆರಿಕದಲ್ಲಿ ಬಿಸಿಬಿಸಿಯಾಗಿ ಖರ್ಚಾಯಿತು. ಕಂಪನಿ ಅದಕ್ಕೆ ‘ರುಂಬಾ’ ಅಂತ ಚೀಟಿ ಅಂಟಿಸಿತು. ಅದು ರುಂಬಾ ಅಲ್ಲ, ‘ಸೋನ್’ ಅನ್ನುವ ಕ್ಯೂಬಾದ ಇನ್ನೊಂದು ಹಾಡಿನ ಪ್ರಕಾರ. ನಿಜವಾದ ರುಂಬಾ ಹವಾನಾ, ಮತಾನ್ಸಾಸ್ ಬಂದರುಗಳ ಕೂಲಿ ಕೇರಿಗಳಲ್ಲಿ ಬರೀ ಚರ್ಮವಾದ್ಯ, ದನಿ, ಕುಣಿತದಿಂದ ಹುಟ್ಟಿದ್ದು. ಹೀಗೆ ತಪ್ಪು ಹೆಸರಿನಿಂದಲೇ ಈ ಸಂಗೀತದ ವಿದೇಶವಾಸ ಶುರುವಾಯಿತು. ಆಮೇಲೂ ಹೆಸರುಗಳು ನೆಟ್ಟಗಾದದ್ದೇ ಇಲ್ಲ.

ಈಗ ಶಾವಿಯರ್ ಕುಗಾಟ್. ಸ್ಪೇನಿನ ಕ್ಯಾಟಲೋನಿಯಾದ ಜಿರೋನಾದಲ್ಲಿ 1900ರ ಜನವರಿ 1ರಂದು ಹುಟ್ಟಿದವನು, ಚಿಕ್ಕವನಿದ್ದಾಗಲೇ ಕುಟುಂಬ ಹವಾನಾಕ್ಕೆ ಬಂತು. ಕಲಿತದ್ದು ಶಾಸ್ತ್ರೀಯ ಪಿಟೀಲು. ಅದರಲ್ಲಿ ಅನ್ನ ಹುಟ್ಟದೆ ಲಾಸ್ ಏಂಜಲೀಸಿನಲ್ಲಿ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದ. ಆಮೇಲೆ ಬ್ಯಾಂಡ್ ಕಟ್ಟಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ವರ್ಷಗಟ್ಟಲೆ ನುಡಿಸಿದ. ಒಂದು ಕೈಯಲ್ಲಿ ಚಿವಾವಾ ನಾಯಿಮರಿ ಹಿಡಿದು, ಇನ್ನೊಂದರಲ್ಲಿ ಬ್ಯಾಂಡ್ ನಡೆಸುವ ಗಂಡಸು. ಉಬ್ಬು ತೋಳಿನ ಅಂಗಿ ತೊಟ್ಟ ವಾದಕರು, ಚೆಲುವೆ ಗಾಯಕಿ. ಕೊಂಗಾದ ಸದ್ದು ತಗ್ಗಿಸಿ, ಪಿಟೀಲು ಏರಿಸಿ, ಊಟದ ತಟ್ಟೆ ಅಲುಗಾಡದ ಹಾಗೆ ನುಡಿಸುತ್ತಿದ್ದ.

ಇವನನ್ನು ಕಂಡರೆ ಶುದ್ಧ ಸಂಪ್ರದಾಯದವರಿಗೆ ಆಗುವುದಿಲ್ಲ. ಹಾಲಿಗೆ ನೀರು ಹಾಕಿ ಮಾರಿದವನು ಅನ್ನುತ್ತಾರೆ. ನೀರು ಹಾಕಿದ್ದು ಹೌದು. ಆದರೆ ಆ ಹಾಲಿನ ಅಂಗಡಿಯಲ್ಲಿ ಕೆಲಸ ಮಾಡಿದವರ ಪಟ್ಟಿ ನೋಡಿ: ಹವಾನಾದ ದೊಡ್ಡ ಗಾಯಕ ಮಿಗೆಲಿತೊ ವಾಲ್ಡೆಸ್, ಮುಂದೆ ಟೆಲಿವಿಷನ್ನಿನಲ್ಲಿ ಹೆಸರಾದ ದೇಸಿ ಅರ್ನಾಜ್, ಆಮೇಲೆ ತನ್ನದೇ ಬ್ಯಾಂಡಿನಿಂದ ನ್ಯೂಯಾರ್ಕ್ ಆಳಿದ ಟಿಟೊ ರೊಡ್ರಿಗೆಸ್. ಎಲ್ಲರಿಗೂ ಸಂಬಳ ಕೊಟ್ಟದ್ದು ಆ ನೀರು ಹಾಲೇ. ನಾನಂತೂ ಕುಗಾಟನನ್ನು ಬಯ್ಯುವ ಪೈಕಿ ಅಲ್ಲ. ಅವನ ರೆಕಾರ್ಡು ಎರಡಕ್ಕಿಂತ ಹೆಚ್ಚು ಒಟ್ಟಿಗೆ ಕೇಳಲಾರೆ, ಅದು ಬೇರೆ ಮಾತು.

ಒಂದು ಅಡ್ಡ ಕಥೆ ಇದೆ, ಬಿಡಲು ಮನಸ್ಸಿಲ್ಲ. 1941ರ ಆರಂಭದಲ್ಲಿ ಅಮೆರಿಕದ ರೇಡಿಯೋ ನಿಲಯಗಳಿಗೂ ಅಲ್ಲಿಯ ದೊಡ್ಡ ಗೀತರಚನಕಾರರ ಸಂಘಕ್ಕೂ ಸಂಭಾವನೆಯ ವಿಷಯಕ್ಕೆ ಜಗಳ ಹತ್ತಿತು. ತಿಂಗಳುಗಟ್ಟಲೆ ಆ ಸಂಘದ ಹಾಡು ರೇಡಿಯೋದಲ್ಲಿ ಬರಲಿಲ್ಲ. ಗಾಳಿಯಲ್ಲಿ ಏನಾದರೂ ತುಂಬಬೇಕಲ್ಲ? ಸಂಘದ ಹೊರಗಿದ್ದ ಹಾಡುಗಳಿಗೆ ಯೋಗ ಬಂತು, ಅವುಗಳಲ್ಲಿ ಬಹಳಷ್ಟು ಮೆಕ್ಸಿಕೊ, ಕ್ಯೂಬಾ ಕಡೆಯವು. ಮೆಕ್ಸಿಕೊದ ಚಿಯಾಪಾಸಿನ ಆಲ್ಬರ್ಟೊ ಡೊಮಿಂಗೆಸ್ ರಚಿಸಿದ ‘ಫ್ರೆನೆಸಿ’ ಆರ್ಟಿ ಶಾ ಬ್ಯಾಂಡಿನಿಂದ ಮನೆಮಾತಾದದ್ದು ಅದೇ ಸುಮಾರಿಗೆ. ಸಾಹುಕಾರರ ಜಗಳದಲ್ಲಿ ಪಕ್ಕದ ಮನೆಯ ರಾಗಕ್ಕೆ ಬಾಗಿಲು ತೆರೆಯಿತು.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಸಲೀಸು ಅನ್ನೋದು ತಾನಾಗಿ ಬರೋದಲ್ಲ, ಯಾರೋ ಕೂತು ಮಾಡಿದ್ದು. ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಎನ್ರಿಕೆ ಜೊರಿನ್, ಹವಾನಾದ ಪಿಟೀಲು ವಾದಕ. 1950ರ ಸುಮಾರಿಗೆ ‘ಓರ್ಕೆಸ್ತಾ ಅಮೆರಿಕಾ’ ತಂಡದಲ್ಲಿ ನುಡಿಸುತ್ತಿದ್ದ. ಆ ಹೊತ್ತಿಗೆ ಮಾಂಬೊ ಅನ್ನುವ ಕುಣಿತದ ಸಂಗೀತ ಬಂದು ಕೂತಿತ್ತು. ಮಾಂಬೊದ ಬೇರು ಇನ್ನೂ ಹಿಂದೆ, 1938ರಲ್ಲಿ ಓರೆಸ್ತೆಸ್ ಲೋಪೆಸ್ ರಚಿಸಿದ ‘ಮಾಂಬೊ’ ಅನ್ನುವ ದಾನ್ಸೊನ್‌ನಲ್ಲಿ ಇದೆ; ದಾನ್ಸೊನ್ ಅಂದರೆ ಕ್ಯೂಬಾದ ಹಳೆಯ ಕುಣಿತದ ಸಂಗೀತ. ಬಾಸ್ ನುಡಿಸುತ್ತಿದ್ದ ಅವನ ತಮ್ಮ ಕಚಾವೊ, ಸಮ ಬಿಟ್ಟು ನುಡಿಸುವ ಆ ಮಹಾರಾಯರ ಕುಲಕ್ಕೆ ಪಿತಾಮಹ. ಇರಲಿ. ಜೊರಿನ್ ವೇದಿಕೆಯಿಂದ ಕುಣಿಯುವವರನ್ನು ನೋಡುತ್ತಿದ್ದ. ರಾಗ ಎಲ್ಲ ಎಣಿಕೆಗಳ ಸಂದಿಯಲ್ಲೇ ಬೀಳುತ್ತಿದ್ದರಿಂದ ಜನ ಎಡವುತ್ತಿದ್ದರು. ಪಾಪ, ಅವರು ಬಂದದ್ದು ಪರೀಕ್ಷೆ ಬರೆಯಲಿಕ್ಕಲ್ಲ. ಅವನು ರಾಗದ ಒತ್ತುಗಳನ್ನು ಸಂದಿಯಿಂದ ತೆಗೆದು ಎಣಿಕೆಯ ಮೇಲೆ ಕೂರಿಸಿದ. ವಾದಕರು ಎಲ್ಲರೂ ಒಂದೇ ದನಿಯಲ್ಲಿ ಸರಳವಾಗಿ ಹಾಡಿದರು. ಜನ ನೆಮ್ಮದಿಯಾಗಿ ಕುಣಿದರು. ಹಾಗೆ ಕುಣಿಯುವಾಗ ನೆಲಕ್ಕೆ ಚಪ್ಪಲಿ ಉಜ್ಜಿ ಬಂದ ಸದ್ದು, ಚಾ-ಚಾ-ಚಾ. ಹೆಸರು ಬಂದದ್ದು ಅಲ್ಲಿಂದ. 1953ರಲ್ಲಿ ಅವನ ‘ಲಾ ಎಂಗನ್ಯಾದೊರಾ’ ರೆಕಾರ್ಡು ಬಂದ ಮೇಲೆ ಅದು ಪ್ರಪಂಚ ಸುತ್ತಿತು.

ಗಮನಿಸಿ, ಅವನು ಲಯವನ್ನು ತೆಗೆದು ಎಸೆಯಲಿಲ್ಲ. ಮೇಲಿನ ರಾಗ ಹಗುರ ಮಾಡಿದ, ಕೆಳಗಿನ ಕ್ಲಾವೆಯನ್ನು ಹಾಗೇ ಬಿಟ್ಟ. ಪಥ್ಯದ ಅಡುಗೆ ಮಾಡುವವರಿಗೆ ಇದು ಗೊತ್ತು. ಉಪ್ಪು ಖಾರ ತಗ್ಗಿಸಿಯೂ ರುಚಿ ಉಳಿಸಬೇಕು ಅಂದರೆ ಕೈಯಲ್ಲಿ ಹೆಚ್ಚಿನ ಹದ ಬೇಕು.

(ಇಲ್ಲಿ ಒಂದು ರೆಕಾರ್ಡು ಕೇಳಿಸಿದೆ. ಪೆರೆಸ್ ಪ್ರಾದೊ.)

ಕೇಳಿದಿರಾ, ನಡುವೆ ಒಬ್ಬ ‘ಹುಂ’ ಅಂತ ಗುಟುರು ಹಾಕಿದ? ಅದು ಡಾಮಾಸೊ ಪೆರೆಸ್ ಪ್ರಾದೊ, ಬ್ಯಾಂಡಿನ ಯಜಮಾನ. ‘ದಿಲೊ’ ಅಂತ ಕೂಗುತ್ತಾನೆ, ಹೇಳು ಅಂತ ಅರ್ಥ. 1916ರಲ್ಲಿ ಮತಾನ್ಸಾಸಿನಲ್ಲಿ ಹುಟ್ಟಿದ ಪಿಯಾನೋ ವಾದಕ. ಹವಾನಾದ ಕಸಿನೊ ದೆ ಲಾ ಪ್ಲಾಯಾ ತಂಡಕ್ಕೆ ವಾದ್ಯ ಸಂಯೋಜನೆ ಮಾಡುತ್ತಿದ್ದ. ಅಲ್ಲಿ ಇವನ ಸಂಯೋಜನೆ ಅತಿಯಾಯಿತು ಅನ್ನಿಸಿಕೊಂಡು 1940ರ ದಶಕದ ಕೊನೆಗೆ ಮೆಕ್ಸಿಕೊಕ್ಕೆ ಹೊರಟ. 1949ರ ಕೊನೆಗೆ ಅಲ್ಲಿ ಆರ್‌ಸಿಎ ವಿಕ್ಟರ್ ಕಂಪನಿಗೆ ಮಾಂಬೊಗಳನ್ನು ಮುದ್ರಿಸಿದ. ಹೆಸರು ಇಡಲೂ ಪುರಸೊತ್ತಿಲ್ಲದವನ ಹಾಗೆ ಹಲವಕ್ಕೆ ನಂಬರ್ ಕೊಟ್ಟ. ಐದನೇ ನಂಬರಿನದು 1999ರಲ್ಲಿ ಒಬ್ಬ ಜರ್ಮನ್ ಗಾಯಕನ ಬಾಯಲ್ಲಿ ಮತ್ತೆ ಊರೂರು ಸುತ್ತಿತು. ನಿಮ್ಮ ಮಕ್ಕಳ ಶಾಲೆಯ ಡ್ಯಾನ್ಸಿಗೂ ಬಂದಿರಬಹುದು.

ಪ್ರಾದೊ ಮಾಡಿದ್ದು ಏನು? ಬ್ಯಾಂಡನ್ನು ಎರಡಾಗಿ ಸೀಳಿದ. ಸ್ಯಾಕ್ಸೊಫೋನುಗಳು ಕೆಳಗೆ, ಎಲ್ಲ ಒಂದೇ ದನಿಯಲ್ಲಿ ಗುರುಗುಡುತ್ತಾ ಒಂದೇ ಸಾಲನ್ನು ಜಪಿಸುತ್ತವೆ. ಟ್ರಂಪೆಟ್ಟುಗಳು ಮೇಲೆ, ತಾರಸ್ಥಾಯಿಯಲ್ಲಿ ಕಿರುಚುತ್ತವೆ. ನಡುವೆ ಖಾಲಿ. ಬೇರೆಯವರು ಆ ನಡುವಿನ ಜಾಗಕ್ಕೆ ಪಿಟೀಲು ತುಂಬಿಸುತ್ತಿದ್ದರು. ಇವನು ಖಾಲಿ ಬಿಟ್ಟ. ಆ ಖಾಲಿಯಲ್ಲೇ ಗಂಟೆ, ಬೊಂಗೊ, ಅವನ ಗುಟುರು ಎಲ್ಲ ಕೇಳಿಸುವುದು. ಯಕ್ಷಗಾನದಲ್ಲಿ ಭಾಗವತರು ಏರು ಶ್ರುತಿಯಲ್ಲಿ, ಮದ್ದಳೆ ಕೆಳಗೆ, ನಡುವೆ ಬಯಲ ಗಾಳಿ ಇದ್ದ ಹಾಗೆ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಈ ಹೋಲಿಕೆಯನ್ನು ಎಲ್ಲಿಯೂ ಬರೆಯಬೇಡಿ, ಎರಡೂ ಕಡೆಯವರು ಬೈಯುತ್ತಾರೆ.

ಇದೇ ಪ್ರಾದೊ 1955ರಲ್ಲಿ ಒಂದು ಫ್ರೆಂಚ್ ರಾಗ ಎತ್ತಿಕೊಂಡ. ಚೆರ್ರಿ ಹೂವು, ಸೇಬಿನ ಹೂವುಗಳ ಹಾಡು, ಲೂಯಿಗಿ ಅನ್ನುವವರ ರಚನೆ. ಬಿಲಿ ರೆಜಿಸ್ ಟ್ರಂಪೆಟ್ ನುಡಿಸಿದ. ಹಾಡಿನ ನಡುವೆ ಟ್ರಂಪೆಟ್ಟು ಕೆಳಗೆ ಜಾರಿ, ಎಲ್ಲರನ್ನೂ ಕಾಯಿಸಿ, ಮತ್ತೆ ಮೇಲೇರಿ ಬಂದು ರಾಗ ಮುಂದುವರಿಸುತ್ತದೆ. ನಮ್ಮ ಜಾರು ಗಮಕವೇ, ಆದರೆ ಕಿಲಾಡಿ ಹುಡುಗ ಜಾರುಬಂಡೆಯಿಂದ ಇಳಿದ ಹಾಗೆ. ಅದೊಂದೇ ಜಾರಿಗೆ ರೆಕಾರ್ಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 10 ವಾರ ಮೊದಲ ಸ್ಥಾನದಲ್ಲಿ ಕೂತಿತು. ಅದನ್ನು ಎಬ್ಬಿಸಿದ್ದು ಯಾರು ಗೊತ್ತೇ? ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’. ರಾಕ್ ಅಂಡ್ ರೋಲ್ ಯುಗ ಶುರುವಾದದ್ದು ಆ ಜುಲೈಯಿಂದ ಅಂತ ಪುಸ್ತಕಗಳು ಹೇಳುತ್ತವೆ. ಕುರ್ಚಿ ಮಾತ್ರ ಮಾಂಬೊದವನು ಬಿಸಿ ಮಾಡಿಟ್ಟದ್ದು.

ನ್ಯೂಯಾರ್ಕಿನ ಪಲ್ಲಾಡಿಯಂ ಬಗ್ಗೆ ಹೇಳದೆ ಹೋದರೆ ತಿಳಿದವರು ಕ್ಷಮಿಸಲಾರರು. ಬ್ರಾಡ್‌ವೇ ಮತ್ತು 53ನೇ ಬೀದಿ ಸೇರುವಲ್ಲಿದ್ದ ನೃತ್ಯಶಾಲೆ. 1940ರ ದಶಕದ ಕೊನೆಯಿಂದ 1966ರಲ್ಲಿ ಬಾಗಿಲು ಹಾಕುವವರೆಗೆ ಮಚಿಟೊ, ಟಿಟೊ ಪುಯೆಂತೆ, ಟಿಟೊ ರೊಡ್ರಿಗೆಸ್ ಅನ್ನುವ ಮೂವರು ಬ್ಯಾಂಡ್ ಯಜಮಾನರೂ ಅಲ್ಲಿ ಹೆಸರು ಮೇಲೆ ಹಾಕಿಸಿಕೊಳ್ಳಲು ಪೈಪೋಟಿ ನಡೆಸಿದರು. ಬಣ್ಣಭೇದ ಊರೆಲ್ಲ ಇದ್ದ ಕಾಲದಲ್ಲಿ ಕರಿಯರು, ಪೋರ್ಟೊರಿಕೊದವರು, ಯಹೂದಿಗಳು, ಇಟಾಲಿಯನ್ನರು ಒಂದೇ ನೆಲದ ಮೇಲೆ ಕುಣಿದರು. ಒಳಗೆ ಬರಲು ಕುಣಿತ ಬಂದರೆ ಸಾಕಿತ್ತು. ಪುಯೆಂತೆ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು, ಬಂದ ಮೇಲೆ ಮಾಜಿ ಸೈನಿಕರ ಸವಲತ್ತಿನಲ್ಲಿ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಓದಿದವನು. ಹಿಂದೆ ಮೂಲೆಯಲ್ಲಿರುತ್ತಿದ್ದ ತಿಂಬಾಲೆಸನ್ನು ವೇದಿಕೆಯ ಮುಂದಕ್ಕೆ ತಂದು ನಿಂತೇ ನುಡಿಸಿದ. ಪಲ್ಲಾಡಿಯಂ ಸಂಗೀತವನ್ನು ಯಾರೂ ಈಸಿ ಲಿಸನಿಂಗ್ ಅನ್ನಲಿಲ್ಲ, ಅನ್ನಲೂಬಾರದು. ಆದರೆ ಹೋಟೆಲ್ ಬ್ಯಾಂಡುಗಳಿಗೆ ಪಾಠ ಬರುತ್ತಿದ್ದದ್ದು ಅಲ್ಲಿಂದಲೇ.

ಈಗ ನನ್ನ ಎಡ್ಮಂಡೊ ರಾಸ್. ಸ್ವಲ್ಪ ಪಕ್ಷಪಾತ ಇರುತ್ತದೆ, ಸಹಿಸಿಕೊಳ್ಳಿ.

1910ರಲ್ಲಿ ಟ್ರಿನಿಡಾಡಿನಲ್ಲಿ ಹುಟ್ಟು, ವೆನೆಜುವೆಲಾದ ಕರಾಕಾಸಿನಲ್ಲಿ ಬೆಳವಣಿಗೆ, 1937ರಲ್ಲಿ ಲಂಡನ್ನಿಗೆ, ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಓದಲು. ಮೂಲತಃ ತಾಳವಾದ್ಯದವನು. ಅಮೆರಿಕದ ಜಾಝ್ ಪಿಯಾನೋ ವಾದಕ ಫ್ಯಾಟ್ಸ್ ವಾಲರ್ 1938ರಲ್ಲಿ ಲಂಡನ್ನಿಗೆ ಬಂದು ರೆಕಾರ್ಡು ಮಾಡಿದಾಗ ಡ್ರಮ್ ನುಡಿಸಿದ್ದು ರಾಸ್. 1940ರಲ್ಲಿ ಸ್ವಂತ ಬ್ಯಾಂಡ್. ಮೇಲೆ ಬಾಂಬು ಬೀಳುತ್ತಿತ್ತು, ಕೆಳಗೆ ಇವನ ಬ್ಯಾಂಡಿಗೆ ಲಂಡನ್ ಕುಣಿಯುತ್ತಿತ್ತು. ಬ್ಯಾಗಟೆಲ್ ಅನ್ನುವ ಉಪಾಹಾರಗೃಹದಲ್ಲಿ ರಾಜಕುಮಾರಿ ಎಲಿಜಬೆತ್ ಮೊದಲ ಬಾರಿ ಸಾರ್ವಜನಿಕವಾಗಿ ನರ್ತಿಸಿದ್ದು ಇವನ ಬ್ಯಾಂಡಿಗೆ. 1951ರಲ್ಲಿ ರೀಜೆಂಟ್ ಬೀದಿಯ ಕೋಕೊನಟ್ ಗ್ರೋವ್ ಕ್ಲಬ್ಬನ್ನೇ ಕೊಂಡುಕೊಂಡ. ಒಬ್ಬ ಕರಿಯ ವಲಸಿಗ, ಆ ಕಾಲದ ಲಂಡನ್ನಿನಲ್ಲಿ, ಶ್ರೀಮಂತರ ಕ್ಲಬ್ಬಿಗೆ ಮಾಲೀಕ. ಯಾರನ್ನು ಒಳಗೆ ಬಿಡಬೇಕು ಅನ್ನೋದು ಈಗ ಅವನ ಕೈಯಲ್ಲಿತ್ತು.

ರಾಸ್ ಹಾಡುತ್ತಿದ್ದ ದನಿ ಕೇಳಿ. (ಕೇಳಿಸಿದೆ.) ಊಟದ ಮೇಜಿನ ಪಕ್ಕ ನಿಂತು ಏನೋ ತಮಾಷೆ ಹೇಳುವವನ ಹಾಗೆ. ಗಂಟಲು ಏರಿಸೋದೇ ಇಲ್ಲ. ಬ್ಯಾಂಡೂ ಹಾಗೇ, ಕೊಳಲು ಮುಂದೆ, ಟ್ರಂಪೆಟ್ಟು ಹದವಾಗಿ. ಇಂಗ್ಲಿಷರಿಗೆ ಬೆವರದೆ ಕುಣಿಯಲು ಬೇಕಾದ ಸಂಗೀತ ಅಂತ ಟೀಕೆ ಮಾಡಿದವರಿದ್ದಾರೆ. ಆದರೆ ಕೆಳಗೆ ಗುಯಿರೊ, ಮರಾಕಾಸು, ಬೊಂಗೊ ಮೂರೂ ಒಂದಕ್ಕೊಂದು ತಗಲದೆ ಹೇಗೆ ಹೆಣೆದುಕೊಂಡಿವೆ ನೋಡಿ. ಒಬ್ಬ ಡ್ರಮ್ ವಾದಕ ಯಜಮಾನನಾದರೆ ಹೀಗೆ. ರಾಗದವರನ್ನು ಸುಮ್ಮನಿರಿಸಿ ತಾಳದವರಿಗೆ ಜಾಗ ಬಿಡುತ್ತಾನೆ. ನಾಲ್ಕು ವರ್ಷ ಮೃದಂಗ ಹೊತ್ತವನಿಗೆ ಇದಕ್ಕಿಂತ ಸುಖ ಯಾವುದಿದೆ?

1958ರಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಸದ್ದು ಕೊಡುವ ಸ್ಟೀರಿಯೊ ಎಲ್‌ಪಿ ಅಂಗಡಿಗೆ ಬಂತು. ಮನೆಯಲ್ಲಿ ಎರಡು ಸ್ಪೀಕರ್ ಇಟ್ಟ ಯಜಮಾನರಿಗೆ ಬಂದ ನೆಂಟರ ಮುಂದೆ ಅದನ್ನು ತೋರಿಸಬೇಕು. ಪಿಟೀಲಿನ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ನೆಂಟರಿಗೆ ತಿಳಿಯುವುದಿಲ್ಲ. ಬೊಂಗೊ, ಮರಾಕಾಸಿನಂಥ ಚುರುಕು ಸದ್ದು ಮಾತ್ರ ಎಲ್ಲಿಂದ ಬಂತೆಂದು ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಲ್ಯಾಟಿನ್ ತಾಳವಾದ್ಯಕ್ಕೆ ಮತ್ತೊಂದು ಸುಗ್ಗಿ. ಈನಾಕ್ ಲೈಟ್ ಎಂಬ ಬ್ಯಾಂಡ್‌ಮಾಸ್ಟರ್ 1959ರಲ್ಲಿ ‘ಪರ್ಸ್ವೇಸಿವ್ ಪರ್ಕಷನ್’ ತಂದ. ಬೊಂಗೊ ಎಡ ಗೋಡೆಯಿಂದ ಬಲ ಗೋಡೆಗೆ ಪಿಂಗ್‌ಪಾಂಗ್ ಚೆಂಡಿನ ಹಾಗೆ ಹಾರುತ್ತದೆ. 1960ರಲ್ಲಿ ಅದು ಅಮೆರಿಕದ ಆಲ್ಬಮ್ ಪಟ್ಟಿಯ ತುದಿಯಲ್ಲಿ ವಾರಗಟ್ಟಲೆ ಇತ್ತು. ಮೆಕ್ಸಿಕೊದ ಹ್ವಾನ್ ಗಾರ್ಸಿಯಾ ಎಸ್ಕಿವೆಲ್ ಇನ್ನೂ ಮುಂದೆ ಹೋದ. 1962ರ ‘ಲ್ಯಾಟಿನೆಸ್ಕ್’ ಆಲ್ಬಮ್ಮಿಗೆ ಆರ್ಕೆಸ್ಟ್ರಾವನ್ನು ಇಬ್ಭಾಗ ಮಾಡಿ ಎರಡು ಬೇರೆ ಸ್ಟುಡಿಯೋದಲ್ಲಿ ಕೂರಿಸಿದ. ಒಂದರ ಸದ್ದು ಇನ್ನೊಂದಕ್ಕೆ ಸೋರಬಾರದು ಅಂತ. ಹೆಡ್‌ಫೋನಿನಲ್ಲಿ ಒಬ್ಬರನ್ನೊಬ್ಬರು ಕೇಳುತ್ತಾ ಒಟ್ಟಿಗೆ ನುಡಿಸಬೇಕು. ಸಲೀಸು ಸಂಗೀತವಂತೆ! ಎಸ್ಕಿವೆಲ್‌ನ ಗಾಯಕಿಯರು ಸಾಹಿತ್ಯ ಹಾಡುವುದಿಲ್ಲ, ‘ಝು ಝು ಝು’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ರೆಕಾರ್ಡು ಕೆಟ್ಟಿದೆ ಅಂದುಕೊಂಡೆ. ಮೂವತ್ತು ವರ್ಷ ಮರೆತಿದ್ದ ಜಗತ್ತು 1994ರಲ್ಲಿ ಅವನ ಸಂಗ್ರಹವೊಂದು ಸಿಡಿಯಾಗಿ ಬಂದಾಗ ಮತ್ತೆ ಹುಚ್ಚಾಯಿತು. ಹಾಸಿಗೆ ಹಿಡಿದಿದ್ದ ಮುದುಕ ಮಲಗಿದಲ್ಲೇ ಸಂದರ್ಶನ ಕೊಟ್ಟ. 2002ರಲ್ಲಿ ತೀರಿಕೊಂಡ.

ಹರ್ಬ್ ಆಲ್ಪರ್ಟ್ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಲಾಸ್ ಏಂಜಲೀಸಿನ ಯಹೂದಿ ಮನೆತನದ ಟ್ರಂಪೆಟ್ ವಾದಕ, 1962ರಲ್ಲಿ ಟಿಹುವಾನಾ ಬ್ರಾಸ್ ಅಂತ ಶುರುಮಾಡಿದ. 1965ರ ‘ವಿಪ್ಡ್ ಕ್ರೀಮ್’ ಆಲ್ಬಮ್ಮಿನ ಹೊದಿಕೆಯಲ್ಲಿ ಕೆನೆ ಮೆತ್ತಿಕೊಂಡ ಯುವತಿ ಕೂತಿದ್ದಾಳೆ, ಆ ಕೆನೆ ಬಹುಪಾಲು ಶೇವಿಂಗ್ ಕ್ರೀಮು. ಸಂಗೀತವೂ ಸ್ವಲ್ಪ ಹಾಗೇ. ಈ ಕೋಲು ಹಿಡಿದು ಜೊತೆಗೆ ತಟ್ಟಿ ನೋಡಿ, ಬಹಳ ಕಡೆ ಹೊಂದುವುದಿಲ್ಲ, ಒಳಗೆ ಕ್ಲಾವೆ ಇಲ್ಲ. ರಾಗ ಚೆನ್ನಾಗಿದೆ, ನಾನೂ ಕಾರಿನಲ್ಲಿ ಹಾಕಿಕೊಳ್ಳುತ್ತೇನೆ.

ನಮ್ಮ ಕಡೆಗೆ ಇದು ಬಂದ ದಾರಿಯೂ ಒಂದಿದೆ. ಗೋವಾದ ವಾದಕರು ಮುಂಬಯಿಯ ಹೋಟೆಲುಗಳಲ್ಲಿ ರಾತ್ರಿ ಇದನ್ನೇ ನುಡಿಸಿ, ಹಗಲು ಸಿನಿಮಾ ಸ್ಟುಡಿಯೋಗೆ ಹೋಗುತ್ತಿದ್ದರು. 1951ರ ‘ಅಲ್ಬೇಲಾ’ದಲ್ಲಿ ಸಿ. ರಾಮಚಂದ್ರ ಅವರ ಸಂಗೀತಕ್ಕೆ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ತನ್ನ ಬ್ಯಾಂಡಿನ ಸಮೇತ ತೆರೆಯ ಮೇಲೇ ಬರುತ್ತಾನೆ. ಮದ್ರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾಗುತ್ತಿದ್ದ ನಮ್ಮ ಅರವತ್ತರ ದಶಕದ ಕನ್ನಡ ಹಾಡುಗಳಲ್ಲೂ ಬೊಂಗೊ, ಮರಾಕಾಸು ಕೇಳಿಸುತ್ತವೆ, ನಾಯಕ ಪಾರ್ಕಿಗೆ ಬಂದರೆ ಸಾಕು. ಇದರ ಬಗ್ಗೆ ಇನ್ನೊಂದು ದಿನ ಪೂರ್ತಿ ಮಾತಾಡಬಹುದು. ಇವತ್ತು ಬೇಡ.

ಇದೆಲ್ಲ ಯಾಕೆ ಇಳಿಯಿತು ಅಂದರೆ, ಒಂದು ಕಾರಣ ಲೆಕ್ಕದ್ದು. ಹದಿನೆಂಟು ಜನಕ್ಕೆ ಸಂಬಳ ಕೊಡುವ ಬದಲು ನಾಲ್ಕು ಹುಡುಗರು, ಎರಡು ಗಿಟಾರ್ ಸಾಕಾಯಿತು. ಇನ್ನೊಂದು ರಾಜಕೀಯ. ಕ್ಯೂಬಾದ 1959ರ ಕ್ರಾಂತಿ, ಆ ದೇಶದ ಮೇಲೆ 1962ರ ಅಮೆರಿಕದ ವ್ಯಾಪಾರ ನಿರ್ಬಂಧ. ಹವಾನಾದಿಂದ ಹೊಸ ಲಯ, ಹೊಸ ವಾದಕರು ನ್ಯೂಯಾರ್ಕಿಗೆ ಬರುತ್ತಿದ್ದ ದಾರಿ ಮುಚ್ಚಿತು. ಊಟೆ ಬತ್ತಿದ ಮೇಲೆ ಕೊಳಾಯಿಯಲ್ಲಿ ಎಷ್ಟು ದಿನ ನೀರು?

ರಾಸ್ 1975ರಲ್ಲಿ ಬ್ಯಾಂಡ್ ವಿಸರ್ಜಿಸಿದ. ಆಗ ತನ್ನ ಸ್ವರಲಿಪಿ ಹಾಳೆಗಳನ್ನು ಬಹುಪಾಲು ನಾಶಮಾಡಿಬಿಟ್ಟ. ಮೂವತ್ತೈದು ವರ್ಷದ ಸಂಯೋಜನೆಗಳು. ಆಮೇಲೆ ಸ್ಪೇನಿಗೆ ಹೋಗಿ ನೆಲೆಸಿ, ನೂರು ತುಂಬಿಸಿಕೊಂಡು 2011ರಲ್ಲಿ ಹೋದ. ಈಗ ಯಾರಿಗಾದರೂ ಆ ಬ್ಯಾಂಡಿನ ಹಾಗೆ ನುಡಿಸಬೇಕು ಅನ್ನಿಸಿದರೆ ರೆಕಾರ್ಡು ಹಾಕಿಕೊಂಡು ಕಿವಿಯಿಂದಲೇ ಒಂದೊಂದು ವಾದ್ಯ ಬಿಡಿಸಿ ಬರೆಯಬೇಕು. ನಾನು ಬಾಸಿನ ಸಾಲು ಮಾತ್ರ ಪ್ರಯತ್ನ ಮಾಡಿದ್ದೇನೆ. ಎರಡು ಹಾಡಿಗೆ ಒಂದು ಮಳೆಗಾಲ ಹೋಯಿತು.

ಕೊನೆಯದಾಗಿ ಟಿಟೊ ಪುಯೆಂತೆಯ 1962ರ ಒಂದು ಚಾ-ಚಾ-ಚಾ ಹಾಕುತ್ತೇನೆ, ‘ಓಯೆ ಕೋಮೊ ವಾ’. ಎಂಟು ವರ್ಷದ ಮೇಲೆ ರಾಕ್ ವಾದಕ ಸಂತಾನಾ ಗಿಟಾರಿನಲ್ಲಿ ನುಡಿಸಿ ಲೋಕಕ್ಕೆಲ್ಲ ಹಂಚಿದ್ದು ಇದನ್ನೇ. ಮೊದಲು ಕಲಿತ ಐದು ತಟ್ಟು ಇದರ ಜೊತೆ ಹಾಕಿ.

(ರೆಕಾರ್ಡು ಮುಗಿದ ಮೇಲೆ ಮೂರನೇ ಸಾಲಿನಲ್ಲಿ ಕೂತಿದ್ದ ಹಿರಿಯ ವೀಣಾ ಶಿಕ್ಷಕಿಯೊಬ್ಬರು ಕೈ ಎತ್ತಿದರು.)

“ಅಲ್ಲ ಸಾರ್, ನೀವು ನಮಗೆ ಕಲಿಸಿದ್ದು ಮೊದಲು ಮೂರು, ಆಮೇಲೆ ಎರಡು. ನಾನು ಹಾಗೇ ತಟ್ಟುತ್ತಾ ಕೂತರೆ ಈ ಹಾಡು ಪ್ರತಿ ಸಾಲಿಗೂ ನನ್ನ ಕೈಗೆ ಅಡ್ಡ ಬರ್ತಾ ಇತ್ತು. ತಿರುಗಿಸಿ ಹಾಕಿದೆ, ಸರಿಹೋಯಿತು. ಇದು ಎರಡು-ಮೂರು ಅಲ್ವಾ?”

ಅಮ್ಮಾ, ಹೌದು. ಸಾವಿರ ಸಲ ಹೌದು. ಸಾಯಂಕಾಲ ಪೂರ್ತಿ ಕ್ರೂಸಾದೊ ಕ್ರೂಸಾದೊ ಅಂತ ಉಪದೇಶ ಮಾಡಿ, ಕೊನೆಗೆ ನಾನೇ ಇಡೀ ಸಭೆಯನ್ನು ಅಡ್ಡ ಹಾಕಿಸಿದೆ. ಈ ಹಾಡು ಎರಡರ ಕಡೆಯಿಂದ ಶುರುವಾಗುತ್ತದೆ. ಹಾಗಾದಾಗ ಸಮದ ಮೇಲೆ ತಟ್ಟೇ ಇಲ್ಲ. ಮೊದಲ ‘ತಕ’ ಬಾಯೊಳಗೇ ಉಳಿಯಬೇಕು, ಕೈ ಮೇಲೇ ಇರಬೇಕು. ಆಮೇಲೆ ತಕ, ತಕಧಿಮಿ, ತಕಿಟ, ತಕಿಟ, ತಕ. ಇನ್ನೊಂದು ಸಲ ಹಾಕುತ್ತೇನೆ. ನೀವೇ ಮುಂದೆ ಬನ್ನಿ, ಕೋಲು ತಗೊಳ್ಳಿ.